ಮೂರಡಿ ಸಂದಿಗೆ 24 ಅಡಿ ಏಣಿ

ಶಿವಮೊಗ್ಗದಲ್ಲಿ ನನ್ನದು ಸಿಸಿಟಿವಿ ಕ್ಯಾಮೆರಾ ಹಾಕುವ ಕೆಲಸ. ಅದಕ್ಕೂ ಮುಂಚೆ ಡಿಶ್ ಆಂಟೆನಾ ಕೂರಿಸುತ್ತಿದ್ದೆ. ಆಗ ಸ್ವಂತ ಏಣಿ ಅಂತ ಇರಲಿಲ್ಲ. ಹೋದ ಮನೆಯಲ್ಲಿ ಏನು ಸಿಕ್ಕರೆ ಅದು. ಬಿದಿರೇಣಿ, ಪೇಂಟರ್ ಬಿಟ್ಟು ಹೋದ ಮರದ ಏಣಿ, ಒಂದು ಸಲ ನೀರಿನ ಡ್ರಮ್ಮಿನ ಮೇಲೆ ಸ್ಟೂಲು. ಈಗ ನೆನೆಸಿಕೊಂಡರೆ ಮೈ ಜುಮ್ ಅನ್ನುತ್ತದೆ.

ಕೈಯಲ್ಲಿ ನಾಲ್ಕು ಕಾಸು ಆದ ಮೇಲೆ ಏಣಿ ಅಂಗಡಿಗೆ ಹೋದೆ. ನಾನು ಕೇಳಿದ್ದು ಒಂದೇ ಪ್ರಶ್ನೆ: "ಇರೋದ್ರಲ್ಲಿ ಉದ್ದದ್ದು ಯಾವುದು?" 12+12 ತೋರಿಸಿದರು, ಅಂದರೆ 12 ಅಡಿಯ ಎರಡು ಭಾಗ, ಒಟ್ಟು 24 ಅಡಿ. ಅಲ್ಯೂಮಿನಿಯಂ, ಹಗ್ಗ ಎಳೆದರೆ ಮೇಲಿನ ಭಾಗ ಜಾರಿಕೊಂಡು ಮೇಲೇರುವ ಎಕ್ಸ್‌ಟೆನ್ಷನ್ ಏಣಿ. ದೊಡ್ಡದಿದ್ದರೆ ಚಿಕ್ಕ ಕೆಲಸವೂ ಅದರಲ್ಲೇ ಆಗುತ್ತೆ ಅಲ್ವಾ ಅಂತ ನನ್ನ ಲೆಕ್ಕ. ಆ ಲೆಕ್ಕ ಮೂರನೇ ದಿನವೇ ತಲೆಕೆಳಗಾಯಿತು.

30×40 ಸೈಟಿನ ಮನೆ. ಮನೆ ಗೋಡೆಗೂ ಕಾಂಪೌಂಡಿಗೂ ನಡುವೆ ಮೂರೇ ಅಡಿ ಸಂದಿ. ಕ್ಯಾಮೆರಾ ಬೇಕಿದ್ದದ್ದು ಸಂದಿಯ ಹಿಂತುದಿಯಲ್ಲಿ, ಸುಮಾರು 16 ಅಡಿ ಎತ್ತರದಲ್ಲಿ. ಮಡಚಿದರೂ ಏಣಿ 12 ಅಡಿ. ಗೇಟಿನಿಂದ ಸಂದಿಯೊಳಕ್ಕೆ ತಿರುಗಿಸಲು ಆಗಲೇ ಇಲ್ಲ. ನಿಲ್ಲಿಸಿಕೊಂಡು ತಿರುಗಿಸೋಣ ಅಂದರೆ ಮೇಲೆ ಸಜ್ಜಾ. ಒಂದಷ್ಟು ಹೊತ್ತು ಅದನ್ನು ಬಾಗಿಲ ಮುಂದೆ ಅಡ್ಡ ಮಲಗಿಸಿ ತಲೆ ಕೆರೆದುಕೊಂಡು ನಿಂತಿದ್ದೆ. ಆ ಮನೆಯ ಅಜ್ಜಿ ಹೊರಗೆ ಬಂದು, "ಅದನ್ನ ಮೊದಲು ಎತ್ತಪ್ಪಾ, ಚಟ್ಟ ಮಲಗಿಸಿದ ಹಾಗಿದೆ" ಅಂದರು. ಅವತ್ತಿನಿಂದ ಯಾರ ಮನೆ ಬಾಗಿಲ ಮುಂದೆಯೂ ಏಣಿ ಮಲಗಿಸುವುದಿಲ್ಲ.

ಹೇಗೋ ಕಾಂಪೌಂಡಿನ ಮೇಲಿಂದ ದಾಟಿಸಿ ಒಳಗೆ ತಂದೆ. ಎತ್ತಿ ಗೋಡೆಗೆ ಒರಗಿಸಿದ ಮೇಲೆ ನಿಜವಾದ ತೊಂದರೆ ಶುರುವಾಯಿತು. ಏಣಿ ಒರಗುವ ಜಾಗ ನಾಲ್ಕಡಿ ಎತ್ತರ ಇದ್ದರೆ ಅದರ ಕಾಲು ಗೋಡೆಯಿಂದ ಒಂದಡಿ ದೂರ ಇರಬೇಕು. 16 ಅಡಿಗೆ ನಾಲ್ಕಡಿ. ನನ್ನ ಹತ್ತಿರ ಇದ್ದದ್ದು ಮೂರೇ ಅಡಿ. ನಾಲ್ಕೈದು ಮೆಟ್ಟಿಲು ಹತ್ತಿ ಮೈ ಸ್ವಲ್ಪ ಹಿಂದಕ್ಕೆ ವಾಲಿತು ನೋಡಿ, ಏಣಿಯ ತಲೆ ಗೋಡೆ ಬಿಟ್ಟು ವಾಪಸ್ ಠಕ್ ಅಂತ ಬಡಿಯಿತು. ಇಳಿದೆ. ಕ್ಯಾಮೆರಾವನ್ನೇ 11 ಅಡಿಗೆ ಇಳಿಸೋಣ ಅಂತ ಯಜಮಾನರನ್ನು ಒಪ್ಪಿಸಿದೆ. ಹಾಗೆ ನೋಡಿದರೆ ಕ್ಯಾಮೆರಾಕ್ಕೂ ಅದೇ ಒಳ್ಳೆಯದು. 16 ಅಡಿಯಿಂದ ಕಳ್ಳನ ನೆತ್ತಿ ಕಾಣುತ್ತದೆ, ಮುಖ ಕಾಣುವುದಿಲ್ಲ.

ಅಂದಿನಿಂದ ಗಿರಾಕಿ ಫೋನ್ ಮಾಡಿದರೆ "ಎಷ್ಟು ಎತ್ತರ?" ಅಂತ ಕೇಳುವುದು ಬಿಟ್ಟೆ. "ಗೋಡೆ ಪಕ್ಕ ನೆಲದಲ್ಲಿ ಎಷ್ಟು ಜಾಗ ಇದೆ, ನೆಲ ಎಂಥದ್ದು, ಮೇಲೆ ತಂತಿ ಇದೆಯಾ, ಒಂದು ಫೋಟೋ ಕಳಿಸಿ" ಅಂತ ಕೇಳುತ್ತೇನೆ. ಯಾವ ಏಣಿ ಅನ್ನುವುದು ಅಲ್ಲೇ ಮುಕ್ಕಾಲು ತೀರ್ಮಾನ ಆಗುತ್ತದೆ.

ಉದ್ದದ ಲೆಕ್ಕವೂ ಅಂಗಡಿಯಲ್ಲಿ ಹೇಳಿದ ಹಾಗಿಲ್ಲ. 24 ಅಡಿ ಏಣಿ ಅಂದರೆ 24 ಅಡಿ ಸಿಗುವುದಿಲ್ಲ. ಎರಡು ಭಾಗ ಒಂದರ ಮೇಲೊಂದು ಮೂರಡಿಯಾದರೂ ಕೂತಿರಬೇಕು. ಉಳಿದದ್ದು 21. ಓರೆಯಾಗಿ ಒರಗಿಸಿದಾಗ ತಲೆ ಮುಟ್ಟುವುದು 20 ಅಡಿಯ ಹತ್ತಿರ. ತಾರಸಿಗೆ ಕಾಲಿಡಬೇಕು ಅಂದರೆ ಏಣಿ ಅಂಚಿನಿಂದ ಮೂರಡಿ ಮೇಲಕ್ಕೆ ಚಾಚಿರಬೇಕು, ಕೈಗೆ ಹಿಡಿತ ಬೇಕಲ್ಲ. ಅಲ್ಲಿಗೆ ಉಳಿದದ್ದು 17 ಚಿಲ್ಲರೆ. ನಮ್ಮ ಕಡೆ ಮನೆಗಳಲ್ಲಿ ಪಾಯ ಎರಡಡಿ, ನೆಲ ಅಂತಸ್ತು ಸ್ಲ್ಯಾಬ್ ಸೇರಿ ಹತ್ತೂವರೆ, ಪ್ಯಾರಾಪೆಟ್ ಮೂರು ಅಂತ ಹಿಡಿದರೆ ಒಂದೇ ಅಂತಸ್ತಿನ ಮನೆಗೇ ಹದಿನೈದೂವರೆ ಆಯಿತು. ಅಂದರೆ 24 ಅಡಿ ಏಣಿ ಒಂದಂತಸ್ತಿನ ತಾರಸಿಗೆ ಸರಿಯಾಗುತ್ತದೆ ಅಷ್ಟೆ. ಎರಡಂತಸ್ತು ಅನ್ನುವುದು ಕನಸು.

ಗೋಡೆಗೆ ಕ್ಯಾಮೆರಾ ಹೊಡೆಯುವುದಷ್ಟೇ ಕೆಲಸವಾದರೆ 10+10 ಧಾರಾಳ ಸಾಕು. ಅದು ಬಳಕೆಗೆ 17 ಅಡಿ ಸಿಗುತ್ತದೆ. ಮೇಲಿನ ಮೂರು ಮೆಟ್ಟಿಲಿಗೆ ಕಾಲಿಡಬಾರದು. ಆ ಮೂರರ ಕೆಳಗಿನ ಮೆಟ್ಟಿಲಲ್ಲಿ ನಿಂತರೂ ಪಾದ 12 ಅಡಿ ಮೇಲಿರುತ್ತದೆ, ಕೈ ಆರಾಮವಾಗಿ 16-17 ಅಡಿ ಮುಟ್ಟುತ್ತದೆ. ಈ ಲೆಕ್ಕವನ್ನು ಏಣಿ ಕೊಳ್ಳುವ ಮೊದಲೇ ಮಾಡಿದ್ದರೆ ಒಂದಷ್ಟು ಭಾರ ಹೊರುವುದು ತಪ್ಪುತ್ತಿತ್ತು.

ಬಿದ್ದ ಕಥೆಯನ್ನೂ ಹೇಳಿಬಿಡುತ್ತೇನೆ. ತೀರ್ಥಹಳ್ಳಿ ಕಡೆ ಒಂದು ಮನೆ, ಆಗಸ್ಟ್ ತಿಂಗಳು. ಮಳೆ ಬಿಟ್ಟಿತ್ತು, ಸಿಮೆಂಟ್ ಅಂಗಳ ಒಣಗಿದ ಹಾಗೇ ಕಾಣುತ್ತಿತ್ತು. ಮಲೆನಾಡಿನವರಿಗೆ ಗೊತ್ತು, ಪಾಚಿ ಕಣ್ಣಿಗೆ ಕಾಣುವುದಕ್ಕಿಂತ ಕಾಲಿಗೆ ಮೊದಲು ಗೊತ್ತಾಗುತ್ತದೆ. ಏಣಿಯ ರಬ್ಬರ್ ಪಾದ ಸವೆದು ನುಣ್ಣಗಾಗಿತ್ತು. ನಾನು ಎಂಟಡಿ ಮೇಲೆ, ಬೀಮಿಗೆ ಡ್ರಿಲ್ ಹಾಕುತ್ತಿದ್ದೆ. ಬಿಟ್ ಒಳಗಿನ ಕಂಬಿಗೆ ತಾಗಿ ಗಕ್ಕನೆ ಸಿಕ್ಕಿಕೊಂಡಿತು. ಡ್ರಿಲ್ ಕೈಯನ್ನು ತಿರುಚಿತು, ಮೈ ಪಕ್ಕಕ್ಕೆ ಹೊರಳಿತು, ಏಣಿ ಕೆಳಗಿನಿಂದ ಜಾರಿತು. ಏಣಿಯ ಜೊತೆಗೇ ಗೋಡೆ ಗೀಚಿಕೊಂಡು ಇಳಿದೆ. ಮೊಣಕಾಲು, ಎರಡು ಬೆರಳು. ಪುಣ್ಯಕ್ಕೆ ಅಷ್ಟೇ. ಗೋಡೆಯ ಹೊಸ ಪೇಂಟಿನ ಮೇಲೆ ಉದ್ದಕ್ಕೆ ಎರಡು ಗೆರೆ ಬಿದ್ದಿತ್ತು. ಮನೆಯವರು ಮೊದಲು ನೋಡಿದ್ದು ಅದನ್ನೇ!

ಅದಾದ ಮೇಲೆ ಏಣಿ ನೋಡುವಾಗ ಮೊದಲು ತಲೆಕೆಳಗು ಮಾಡಿ ಪಾದ ನೋಡುತ್ತೇನೆ. ಪಾದ ಅಲುಗಾಡುವ ಥರದ್ದು ಇರಬೇಕು, ಅಂದರೆ ಏಣಿ ಓರೆಯಾದರೂ ರಬ್ಬರ್ ಪೂರ್ತಿ ನೆಲಕ್ಕೆ ಕೂರಬೇಕು. ಪೈಪಿನ ಬಾಯಿಗೆ ಸುಮ್ನೆ ಬುರುಡೆ ತೊಡಿಸಿದ ಥರದ್ದು ಬೇಡವೇ ಬೇಡ. ಆ ರಬ್ಬರ್ ಬೇರೆ ಸಿಗುತ್ತದಾ ಅಂತಲೂ ಅಂಗಡಿಯಲ್ಲೇ ಕೇಳಿ. ಸಿಗುವುದಿಲ್ಲ ಅಂದರೆ ಎರಡು ವರ್ಷಕ್ಕೆ ಇಡೀ ಏಣಿ ದಂಡ. ಪಾಚಿ ಇರುವ ಕಡೆ ಈಗ ಮೊದಲು ಪೊರಕೆಯಲ್ಲಿ ಉಜ್ಜುತ್ತೇನೆ, ಮೇಲ್ಗಡೆ ಕಿಟಕಿ ಸರಳಿಗೋ ಕಂಬಕ್ಕೋ ಹಗ್ಗ ಕಟ್ಟುತ್ತೇನೆ. ಕಟ್ಟುವವರೆಗೆ ಕೆಳಗೆ ಹುಡುಗ ಹಿಡಿದಿರಬೇಕು, ಅದೂ ಮೊಬೈಲ್ ಜೇಬಲ್ಲಿಟ್ಟು.

ತಂತಿಯ ವಿಷಯ ಬೇರೆಯೇ. ಹಳೇ ಊರಿನ ಅಂಗಡಿ ಬೀದಿಗಳಲ್ಲಿ ಕರೆಂಟ್ ತಂತಿ ಬಾಲ್ಕನಿಗೆ ಅಂಟಿಕೊಂಡ ಹಾಗೇ ಹೋಗಿರುತ್ತದೆ. ನಿಯಮದ ಪ್ರಕಾರ 11 ಕೆವಿ, ಅಂದರೆ 11 ಸಾವಿರ ವೋಲ್ಟ್‌ವರೆಗಿನ ಲೈನು ಕಟ್ಟಡದ ಪಕ್ಕದಲ್ಲಿ ಹೋದರೆ ಅಡ್ಡಕ್ಕೆ ಕನಿಷ್ಠ 1.2 ಮೀಟರ್ ಅಂತರ ಇರಬೇಕು. ಅಂದರೆ ನಾಲ್ಕಡಿ. ನನ್ನ ಏಣಿಯ ಕಾಲೂ ಗೋಡೆಯಿಂದ ನಾಲ್ಕಡಿಗೇ ಇರುತ್ತದೆ! ಎತ್ತಿ ನಿಲ್ಲಿಸುವಾಗ ಏಣಿ ನೆಟ್ಟಗಾಗುವ ಒಂದು ಕ್ಷಣ ಇದೆಯಲ್ಲ, ಆಗ ಅದರ ತಲೆ ಸರಿಯಾಗಿ ತಂತಿಯ ಸಾಲಿನಲ್ಲೇ. ಲೈನು ನಿಯಮಕ್ಕೆ ಸರಿಯಾಗಿ ಎಳೆದಿದ್ದರೂ ಹೀಗೆ. ಒಂದು ಸಂಜೆ ನನ್ನ ಅಲ್ಯೂಮಿನಿಯಂ ಏಣಿ ಗಾಳಿಗೆ ತೂಗಿ ತಂತಿಗೆ ಗೇಣು ದೂರದಲ್ಲಿ ನಿಂತಿತು. ರಾತ್ರಿ ಊಟ ಸೇರಲಿಲ್ಲ.

ಮರುವಾರ ಫೈಬರ್ ಗ್ಲಾಸ್ ಏಣಿ ತಂದೆ, 10+10. ಅಲ್ಯೂಮಿನಿಯಂಗಿಂತ ಹತ್ತತ್ತಿರ ದುಪ್ಪಟ್ಟು ಕೊಟ್ಟೆ, ಭಾರವೂ ಜಾಸ್ತಿ. ಅದರ ಮೆಟ್ಟಿಲುಗಳನ್ನು ಹಿಡಿದಿರುವ ಪಕ್ಕದ ಚಾನೆಲ್‌ಗಳಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಒಣಗಿದ್ದರೆ, ಶುಚಿಯಾಗಿದ್ದರೆ ಮಾತ್ರ. ಮಳೆಯಲ್ಲಿ ನೆಂದರೆ, ಕೆಸರು ಮೆತ್ತಿದರೆ ಆ ಭರವಸೆ ಇಲ್ಲ. ಫೈಬರ್ ಏಣಿ ಇದೆ ಅಂತ ತಂತಿಗೆ ಹತ್ತಿರ ಹೋಗುವ ಧೈರ್ಯ ಬರುತ್ತದೆ ನೋಡಿ, ಅದೇ ಅಪಾಯ. ಲೈನ್ ಆಫ್ ಮಾಡಿಸದೆ ಅಲ್ಲಿ ನಾನು ಏಣಿ ಎತ್ತುವುದಿಲ್ಲ. ಇನ್ನೊಂದು ಮಾತು, ಫೈಬರ್ ಏಣಿಯನ್ನು ಬಿಸಿಲಲ್ಲಿ ಬಿಡಬೇಡಿ. ನಾನು ಒಂದು ಬೇಸಿಗೆ ಪೂರ್ತಿ ತಾರಸಿ ಮೇಲೆ ಬಿಟ್ಟೆ. ಮೇಲ್ಪದರ ಕಿತ್ತು ನಾರು ಎದ್ದು, ಹಿಡಿದಾಗೆಲ್ಲ ಅಂಗೈ ತುರಿಕೆ.

ಅಂಗಡಿಯಲ್ಲಿ ಏನು ಪರೀಕ್ಷೆ ಮಾಡುತ್ತೀರಿ ಅಂತ ಹುಡುಗರು ಕೇಳುತ್ತಾರೆ. ಹಗ್ಗ ಎಳೆದು ಮೇಲಿನ ಭಾಗ ಎರಡು ಮೂರು ಸಲ ಏರಿಸಿ ಇಳಿಸುತ್ತೇನೆ. ಎರಡೂ ಕಡೆಯ ಲಾಕು ಒಟ್ಟಿಗೆ ಟಕ್ ಅಂತ ಕೂರಬೇಕು. ಒಂದು ಕೂತು ಇನ್ನೊಂದು ಸೋಮಾರಿತನ ಮಾಡಿದರೆ ಅಲ್ಲಿಗೇ ಕೈ ಮುಗಿಯುತ್ತೇನೆ. ಆಮೇಲೆ ಏಣಿಯನ್ನು ಅಡ್ಡ ಮಲಗಿಸಿ ಒಂದು ತುದಿಯಿಂದ ಒಂದು ಕಣ್ಣು ಮುಚ್ಚಿ ನೋಡುತ್ತೇನೆ, ಬಡಗಿ ಮರದ ರೀಪು ನೋಡುವ ಹಾಗೆ. ತಿರುಚಿದ್ದರೆ ಗೊತ್ತಾಗುತ್ತದೆ. ಮೆಟ್ಟಿಲನ್ನು ಮುಷ್ಟಿಯಲ್ಲಿ ಹಿಡಿದು ತಿರುಗಿಸಿದರೆ ಅದು ತಿರುಗಬಾರದು.

ಭಾರದ ಚೀಟಿಯನ್ನೂ ಓದಿ. ನಾನು 82 ಕಿಲೋ. ಡ್ರಿಲ್ಲು, ಟೂಲ್ ಬ್ಯಾಗು, ಹೆಗಲಿಗೆ 90 ಮೀಟರ್ ಕೇಬಲ್ ಸುರುಳಿ ಸೇರಿದರೆ ನೂರರ ಹತ್ತಿರ. ಯುರೋಪಿನ ಏಣಿ ಮಾನದಂಡ ಇಎನ್ 131ರ ಗುರುತು ಇದ್ದರೆ 150 ಕಿಲೋ ಅಂತ ಬರೆದಿರುತ್ತದೆ, ಅಮೆರಿಕದ ಟೈಪ್ 1ಎ ಆದರೆ 300 ಪೌಂಡು, ಅಂದರೆ 136 ಕಿಲೋ. ನನ್ನ ಮೊದಲ ಏಣಿಯ ಮೇಲೆ ಏನೂ ಬರೆದಿರಲಿಲ್ಲ. ಅಂಗಡಿಯವರು "ಆನೆ ಹತ್ತಿದರೂ ಏನಾಗಲ್ಲ" ಅಂದಿದ್ದರು. ಆನೆಗೆ ಕ್ಯಾಮೆರಾ ಹಾಕುವ ಕೆಲಸ ಇಲ್ಲ.

ಸಾಗಿಸುವುದು ಸಣ್ಣ ವಿಷಯ ಅನ್ನಿಸಬಹುದು, ಅಲ್ಲ. ನನ್ನ ಓಮ್ನಿ ಹನ್ನೊಂದು ಅಡಿ ಉದ್ದ. 12 ಅಡಿ ಏಣಿ ಮೇಲೆ ಕಟ್ಟಿದರೆ ತುದಿ ಹೊರಗೆ ಚಾಚುತ್ತದೆ, ಕೆಂಪು ಬಟ್ಟೆ ಕಟ್ಟಬೇಕು. 10 ಅಡಿಯದ್ದಾದರೆ ಗಾಡಿಯ ಮೇಲೆ ಸರಿಯಾಗಿ ಕೂರುತ್ತದೆ. ಕೊಳವೆಗಳು ಒಂದರೊಳಗೊಂದು ಜಾರಿ ಕೂರುವ ಟೆಲಿಸ್ಕೋಪಿಕ್ ಏಣಿಯೂ ಒಂದಿದೆ, ಹನ್ನೆರಡೂವರೆ ಅಡಿಯದ್ದು. ಮಡಚಿದರೆ ಬೈಕ್ ಸೀಟಿನ ಪಕ್ಕ ಹಿಡಿದು ಹೋಗಬಹುದು. ಮನೆಯೊಳಗಿನ ಕೆಲಸಕ್ಕೆ ಚಿನ್ನ. ಧೂಳು ಹೊಕ್ಕರೆ ಕೊಳವೆ ಸಿಕ್ಕಿಕೊಳ್ಳುತ್ತದೆ, ಇಳಿಸುವಾಗ ಬೆರಳು ಜೋಪಾನ.

ಈಗ ದಿನಾ ಗಾಡಿ ಹತ್ತುವುದು ಆ 10+10 ಫೈಬರ್ ಏಣಿಯೇ. ಎರಡಂತಸ್ತಿನ ಹೊರಗೋಡೆ ಕೆಲಸ ಬಂದರೆ ಸೆಂಟ್ರಿಂಗ್‌ನವರ ಹತ್ತಿರ ಪೈಪಿನ ಅಟ್ಟಣಿಗೆ ಬಾಡಿಗೆಗೆ ತಂದು ಬಿಲ್ಲಿಗೆ ಸೇರಿಸುತ್ತೇನೆ. ಕೆಲವರು ಬೇಡ ಅಂದು ಬೇರೆಯವರನ್ನು ಕರೆಯುತ್ತಾರೆ. ಕರೆಯಲಿ.

ಮೊದಲ 24 ಅಡಿ ಏಣಿಯನ್ನು ಬೇರೆ ಬೇರೆ ಮಾಡಿಟ್ಟಿದ್ದೇನೆ. ಕೆಳಗಿನ ಭಾಗಕ್ಕೆ ಹೊಸ ರಬ್ಬರ್ ಹಾಕಿ ಭಾವನಿಗೆ ಕೊಟ್ಟೆ, ಕಾಳುಮೆಣಸು ಕೊಯ್ಯಲು. ಮೇಲಿನ ಭಾಗವನ್ನೂ ಕೇಳಿದರು. ಅದಕ್ಕೆ ಪಾದವೇ ಇಲ್ಲ, ಒಂಟಿಯಾಗಿ ನಿಲ್ಲಿಸಿ ಹತ್ತುವಂತಿಲ್ಲ. ನಮ್ಮನೆ ಹಿತ್ತಲಲ್ಲಿ ಅಡ್ಡ ಕಟ್ಟಿದ್ದೇನೆ, ಹೆಂಡತಿ ಬಟ್ಟೆ ಒಣಗಿಸುತ್ತಾಳೆ.