ಒಂದೇ ಕಂಪ್ಯೂಟರ್, ನಾಲ್ಕು ಜನರ ಮೇಲ್: ನಾನು ಬೇರೆ ಮಾಡಿದ ರೀತಿ

ನಮ್ಮ ಮನೆಯಲ್ಲಿ ಕಂಪ್ಯೂಟರ್ ಒಂದೇ. ಬಳಸುವವರು ಅಪ್ಪ, ಅಮ್ಮ, ತಂಗಿ ಮತ್ತು ನಾನು. ಎಲ್ಲರ ಜಿಮೇಲ್ ಒಂದೇ ಬ್ರೌಸರ್‌ನಲ್ಲಿ ತೆರೆದಿರುತ್ತಿತ್ತು. ಬಲಮೂಲೆಯ ಫೋಟೋ ಒತ್ತಿ ಅಕೌಂಟ್ ಬದಲಿಸಿದರೆ ಸಾಕಲ್ವಾ ಅನ್ನಿಸಬಹುದು. ಸಾಲದು. ಹಾಗೆ ಸೇರಿಸಿಟ್ಟಾಗ ಮೊದಲು ಲಾಗಿನ್ ಆದ ಅಕೌಂಟೇ ಸಾಮಾನ್ಯವಾಗಿ ಡಿಫಾಲ್ಟ್ ಆಗುತ್ತದೆ. ತಂಗಿಗೆ ಬಂದ ಲಿಂಕ್ ಅಪ್ಪನ ಅಕೌಂಟಿನಲ್ಲಿ ತೆರೆದುಕೊಂಡು ಅನುಮತಿ ಕೇಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಬ್ಬರ ಪತ್ರ ಇನ್ನೊಬ್ಬರ ಕಣ್ಣಿಗೆ ಸುಮ್ನೆ ಬೀಳುತ್ತಿರುತ್ತದೆ. ಮನೆಯವರೇ ಆದರೂ ಅದು ಸರಿಯಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ.

ಕ್ರೋಮ್‌ನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪ್ರೊಫೈಲ್ ಮಾಡುವುದು ಸುಲಭದ ದಾರಿ. ಬುಕ್‌ಮಾರ್ಕ್, ಹಿಸ್ಟರಿ, ಉಳಿಸಿಟ್ಟ ಪಾಸ್‌ವರ್ಡ್ ಎಲ್ಲ ಬೇರೆಯಾಗುತ್ತವೆ. ಆದರೆ ಪ್ರೊಫೈಲ್ ಅಂದರೆ ಬೀಗವಿಲ್ಲದ ಬಾಗಿಲು. ಎದುರು ಕೂತ ಯಾರು ಬೇಕಾದರೂ ಒಂದು ಕ್ಲಿಕ್‌ನಲ್ಲಿ ಒಳಗೆ ಹೋಗಬಹುದು. ಒಬ್ಬರೇ ತಮ್ಮ ಕೆಲಸದ ಮೇಲ್ ಮತ್ತು ಸ್ವಂತ ಮೇಲ್ ಬೇರೆ ಇಡುವುದಕ್ಕೆ ಇದು ಚೆನ್ನಾಗಿದೆ. ಬೇರೆ ಬೇರೆ ಜನರಿಗೆ ಸಾಲದು.

ಹಾಗಾಗಿ ವಿಂಡೋಸ್‌ನಲ್ಲೇ ನಾಲ್ಕು ಯೂಸರ್ ಅಕೌಂಟ್ ಮಾಡಿದೆ. ಸೆಟ್ಟಿಂಗ್ಸ್, ಅಕೌಂಟ್ಸ್, ಅದರೊಳಗೆ ಅದರ್ ಯೂಸರ್ಸ್. ಹೊಸದಾಗಿ ಸೇರಿಸಿದ್ದು ಸ್ಟ್ಯಾಂಡರ್ಡ್ ಅಕೌಂಟ್ ಆಗಿರುತ್ತದೆ, ಹಾಗೇ ಬಿಡಿ. ಸ್ಟ್ಯಾಂಡರ್ಡ್ ಅಕೌಂಟಿನವರು ಇನ್ನೊಬ್ಬರ ಫೋಲ್ಡರ್ ತೆರೆಯಲಾರರು. ಅಡ್ಮಿನ್, ಅಂದರೆ ಕಂಪ್ಯೂಟರ್ ಮೇಲೆ ಪೂರ್ತಿ ಅಧಿಕಾರ ಇರುವವರು ಮಾತ್ರ ತೆರೆಯಬಲ್ಲರು. ಅಡ್ಮಿನ್ ನಾನೇ ಆದ್ದರಿಂದ ಈ ವಿಷಯವನ್ನು ಮೊದಲೇ ಮೂವರಿಗೂ ಬಿಡಿಸಿ ಹೇಳಿದೆ. ಮುಚ್ಚಿಡುವ ಮಾತಲ್ಲ ಅದು.

ಮೇಲ್‌ಗಳು ಕಂಪ್ಯೂಟರ್‌ಗೇ ಬಂದು ಕೂರಲಿ ಅನ್ನುವುದು ಅಮ್ಮನ ಇಷ್ಟ. ಅವರು ಬಳಸುವುದು ಮೇಲ್ ಓದಿ ಕಳಿಸುವ ಪ್ರೋಗ್ರಾಂ ಆದ ಥಂಡರ್‌ಬರ್ಡ್. ಅದು ಪ್ರತಿ ವಿಂಡೋಸ್ ಅಕೌಂಟಿಗೂ ತಾನಾಗಿಯೇ ಬೇರೆ ಜಾಗ ಮಾಡಿಕೊಳ್ಳುತ್ತದೆ. ಸೆಟಪ್ ಮಾಡುವಾಗ ಐಮ್ಯಾಪ್ ಅನ್ನುವ ವಿಧಾನ ಆರಿಸಿದೆ. ಅದರಲ್ಲಿ ಮೇಲ್ ಸರ್ವರ್‌ನಲ್ಲೂ (ಮೇಲ್ ಕಂಪನಿಯ ಕಂಪ್ಯೂಟರ್‌ನಲ್ಲೂ) ಉಳಿಯುವುದರಿಂದ ಫೋನಿನಲ್ಲೂ ಅದೇ ಕಾಣುತ್ತದೆ.

"ಪ್ರತಿ ಸಲ ಪಾಸ್‌ವರ್ಡ್ ಹೊಡೆಯೋದು ಬೇಜಾರಪ್ಪ" ಅಂದರು ಅಮ್ಮ. ಪಿನ್ ಹಾಕಿಕೊಟ್ಟೆ. ಆ ಪಿನ್ ಆ ಕಂಪ್ಯೂಟರ್‌ಗೆ ಮಾತ್ರ ಸೇರಿದ್ದು, ಬೇರೆಡೆ ನಡೆಯುವುದಿಲ್ಲ. ಎದ್ದು ಹೋಗುವಾಗ ವಿಂಡೋಸ್ ಕೀ ಜೊತೆ ಎಲ್ ಒತ್ತಿದರೆ ಲಾಕ್ ಆಗುತ್ತದೆ. ಇದೊಂದು ಅಭ್ಯಾಸ ಆಗದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಆದರೆ ಲಾಕ್ ಮಾಡಿದರೂ ಒಳಗಿನ ಪ್ರೋಗ್ರಾಂಗಳು ಓಡುತ್ತಲೇ ಇರುತ್ತವೆ. ರ‍್ಯಾಮ್ ಕಡಿಮೆ ಇದ್ದರೆ ಕೆಲಸ ಮುಗಿದ ಮೇಲೆ ಸೈನ್ ಔಟ್ ಮಾಡುವುದೇ ಒಳ್ಳೆಯದು.

ಹಳೆಯ ಬ್ರೌಸರ್ ಖಾಲಿ ಮಾಡುವ ಕೆಲಸಕ್ಕೆ ಜಾಸ್ತಿ ತಾಳ್ಮೆ ಬೇಕು. ಮೊದಲು ಅಲ್ಲಿದ್ದ ಪಾಸ್‌ವರ್ಡ್‌ಗಳನ್ನು ಆಯಾ ಜನರ ಹೊಸ ಜಾಗಕ್ಕೆ ಸಾಗಿಸಿದೆ. ಆಮೇಲೆ ಸಿಂಕ್ (ಒಂದು ಕಡೆ ಮಾಡಿದ ಬದಲಾವಣೆ ಬೇರೆ ಸಾಧನಗಳಿಗೂ ತಾನಾಗಿ ಹೋಗುವುದು) ನಿಲ್ಲಿಸಿದೆ, ಉಳಿದ ಪಾಸ್‌ವರ್ಡ್ ಅಳಿಸಿದೆ, ಸೈನ್ ಔಟ್ ಮಾಡಿದೆ. ಸೈನ್ ಔಟ್ ಆದ ಮೇಲೂ ಪಟ್ಟಿಯಲ್ಲಿ ಹೆಸರು ಉಳಿಯುತ್ತದೆ, ಅದನ್ನು ರಿಮೂವ್ ಮಾಡಬೇಕು. ಸಿಂಕ್ ನಿಲ್ಲಿಸದೆ ಪಾಸ್‌ವರ್ಡ್ ಅಳಿಸಿದರೆ ಆ ಅಕೌಂಟ್ ಇರುವ ಬೇರೆ ಸಾಧನಗಳಿಂದಲೂ ಅಳಿಸಿಹೋಗುತ್ತದೆ. ಈ ಕ್ರಮ ತಪ್ಪಿಸಬೇಡಿ.

ಬಹಳ ಜನ ಗಮನಿಸದೇ ಬಿಡುವುದು ರಿಕವರಿ ನಂಬರ್, ಅಂದರೆ ಪಾಸ್‌ವರ್ಡ್ ಮರೆತಾಗ ಅಕೌಂಟ್ ವಾಪಸ್ ಪಡೆಯಲು ಕೊಟ್ಟಿರುವ ಫೋನ್ ನಂಬರ್. ಎಲ್ಲರ ಅಕೌಂಟಿಗೂ ನನ್ನ ಫೋನ್ ನಂಬರೇ ಇತ್ತು. ಓಟಿಪಿ ನನಗೇ ಬರುತ್ತಿದ್ದರೆ ಅಕೌಂಟ್ ಬೇರೆ ಆದಂತೆ ಹೇಗೆ? ಅವರವರ ನಂಬರ್ ಹಾಕಿಸಿದೆ. ಅಪ್ಪನಿಗೆ ಫೋನ್ ಕೈಯಲ್ಲಿಲ್ಲದಾಗ ಲಾಗಿನ್ ಆಗಲು ಬಳಸುವ ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದುಕೊಟ್ಟೆ. ಎಲ್ಲರಿಗೂ ಬೇಕಾದ ಫೋಟೋ, ಬಿಲ್‌ಗಳನ್ನು ವಿಂಡೋಸ್‌ನ ಪಬ್ಲಿಕ್ ಫೋಲ್ಡರ್‌ಗೆ ಹಾಕಿದ್ದೇವೆ.

ಮನೆಗೆ ಬಂದವರು ಮೇಲ್ ನೋಡಬೇಕು ಅಂದರೆ ಕ್ರೋಮ್‌ನ ಗೆಸ್ಟ್ ವಿಂಡೋ ತೆರೆದುಕೊಡುತ್ತೇನೆ. ಮುಚ್ಚಿದ ಕೂಡಲೇ ಹಿಸ್ಟರಿ, ಕುಕಿ (ಸೈಟುಗಳು ಬ್ರೌಸರ್‌ನಲ್ಲಿ ಇಟ್ಟುಹೋಗುವ ಗುರುತು) ಹೋಗುತ್ತವೆ. ಡೌನ್‌ಲೋಡ್ ಆದ ಫೈಲ್ ಮಾತ್ರ ಉಳಿಯುತ್ತದೆ. ಅವರು ಹೊರಡುವ ಮೊದಲು ಅವರ ಕೈಯಲ್ಲೇ ಅದನ್ನು ಅಳಿಸಿಸುತ್ತೇನೆ.