ಹೊಸ ಫೋನಿಗೆ ನಿಮ್ಮಿಷ್ಟದ ಹಾಡು: ರಿಂಗ್‌ಟೋನ್ ಬದಲಿಸುವುದು ಹೇಗೆ?

ಮದುವೆ ಮನೆಯಲ್ಲಿ ಒಂದು ಫೋನ್ ಬಡಿದುಕೊಂಡರೆ ಸುತ್ತಲಿದ್ದವರೆಲ್ಲ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಎಲ್ಲರದ್ದೂ ಕಂಪನಿ ಹಾಕಿಕೊಟ್ಟ ಟೋನೇ. ಬದಲಿಸೋಣ ಅಂತ ಸೆಟ್ಟಿಂಗ್ಸ್‌ಗೆ ಹೋದರೆ ಅಲ್ಲೂ ಬರೀ ಕಂಪನಿಯ ಟಿಣ್ ಟಿಣ್. ದಿನಾ ಕೇಳುವ ಹಾಡು ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಸಿಗದಿರಲು ಕಾರಣವಿದೆ. ಆ ಹಾಡು ನಿಮ್ಮ ಫೋನಿನಲ್ಲಿ ಇಲ್ಲವೇ ಇಲ್ಲ. ಸ್ಪಾಟಿಫೈ, ಯೂಟ್ಯೂಬ್ ಮ್ಯೂಸಿಕ್‌ನಂಥ ಆ್ಯಪ್‌ಗಳಲ್ಲಿ ‘ಡೌನ್‌ಲೋಡ್’ ಒತ್ತಿದರೂ ಹಾಡು ಆ ಆ್ಯಪ್‌ನೊಳಗೇ ಬೀಗ ಹಾಕಿಕೊಂಡು ಕೂತಿರುತ್ತದೆ, ಹೊರಗೆ ಬರುವುದಿಲ್ಲ. ರಿಂಗ್‌ಟೋನಿಗೆ ಬೇಕಾದದ್ದು ಎಂಪಿ3 ಥರದ ಬಿಡಿ ಫೈಲ್. ಅರ್ಧಕ್ಕರ್ಧ ತಲೆನೋವು ಇಷ್ಟೇ.

ಹಾಗಾಗಿ ಮೊದಲು ಫೈಲ್ ಹೊಂದಿಸಿಕೊಳ್ಳಿ. ಹಳೇ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಇದ್ದರೆ ಕೇಬಲ್ ಹಾಕಿ ತಂದುಕೊಳ್ಳಬಹುದು. ಹಾಡೇ ಬೇಕು ಅಂತೇನಿಲ್ಲ. ರೆಕಾರ್ಡರ್ ಆ್ಯಪ್ ತೆರೆದು ‘ತಾತಾ, ಫೋನು’ ಅಂತ ಮೊಮ್ಮಗಳ ಕೈಲಿ ಕೂಗಿಸಿದರೂ ಆಯಿತು. ಪುಕ್ಕಟೆ ಟೋನ್ ಕೊಡುತ್ತೇನೆಂದು ಮೆಸೇಜ್ ಓದಲು ಅನುಮತಿ ಕೇಳುವ ಆ್ಯಪ್‌ಗಳ ಸಹವಾಸ ಮಾತ್ರ ಬೇಡ.

ಆಮೇಲೆ ಕತ್ತರಿ ಕೆಲಸ. ಕರೆ ಎತ್ತದಿದ್ದರೆ ಮೊಬೈಲ್ 30 ಸೆಕೆಂಡ್ ರಿಂಗ್ ಆಗಬೇಕೆಂದು ಫೋನ್ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಟ್ರಾಯ್ 2019ರಲ್ಲಿ ನಿಗದಿ ಮಾಡಿತು. ಹಾಡಿನ ಮೊದಲ 25 ಸೆಕೆಂಡ್ ಬರೀ ಪಿಟೀಲಾದರೆ ಪಲ್ಲವಿ ಶುರುವಾಗುವಷ್ಟರಲ್ಲಿ ಮಿಸ್ಡ್ ಕಾಲ್! ಆಡಿಯೊ ಕತ್ತರಿಸುವ ಯಾವುದಾದರೂ ಆ್ಯಪ್‌ನಲ್ಲಿ ಪಲ್ಲವಿಯಿಂದ ಶುರು ಮಾಡಿ, 30 ಸೆಕೆಂಡಿಗೆ ತುಂಡು ಮಾಡಿ.

ಆಂಡ್ರಾಯ್ಡ್ ಆದರೆ ಆ ತುಂಡನ್ನು ಫೈಲ್ ಮ್ಯಾನೇಜರಿನಲ್ಲಿ ‘ರಿಂಗ್‌ಟೋನ್ಸ್’ (Ringtones) ಎಂಬ ಫೋಲ್ಡರಿಗೆ ಹಾಕಿ. ಫೋಲ್ಡರ್ ಇಲ್ಲದಿದ್ದರೆ ಇಂಗ್ಲಿಷಿನಲ್ಲಿ ಅದೇ ಹೆಸರಿಟ್ಟು ಮಾಡಿಕೊಳ್ಳಿ. ಈಗ ಸೆಟ್ಟಿಂಗ್ಸ್‌ನಲ್ಲಿ ‘ಸೌಂಡ್’, ಅದರೊಳಗೆ ‘ರಿಂಗ್‌ಟೋನ್’. ಸಾಮಾನ್ಯವಾಗಿ ಪಟ್ಟಿಯಲ್ಲೇ ಕಾಣುತ್ತದೆ. ಇಲ್ಲದಿದ್ದರೆ ಪ್ಲಸ್ ಗುರುತು ಒತ್ತಿ ಫೈಲ್ ಆರಿಸಿ. ಒಂದೊಂದು ಕಂಪನಿಯ ಮೆನು ಒಂದೊಂದು ಥರ. ದಾರಿ ತಪ್ಪಿದರೆ ಸೆಟ್ಟಿಂಗ್ಸ್‌ನ ಮೇಲ್ಗಡೆ ಇರುವ ಹುಡುಕು ಜಾಗದಲ್ಲಿ ‘ರಿಂಗ್‌ಟೋನ್’ ಅಂತ ಟೈಪ್ ಮಾಡಿ. ಎಷ್ಟೋ ಜನಕ್ಕೆ ಆ ಜಾಗ ಇರುವುದೇ ಗೊತ್ತಿಲ್ಲ. ಎರಡು ಸಿಮ್ ಇದ್ದರೆ ಎರಡಕ್ಕೂ ಹಾಕಿದ್ದೀರಾ ನೋಡಿಕೊಳ್ಳಿ. ಆಮೇಲೆ ಜಾಗ ಸಾಲದು ಅಂತ ಫೈಲ್ ಅಳಿಸಿದರೆ ಕಂಪನಿ ಟೋನ್ ವಾಪಸ್ ಬರಬಹುದು, ಹುಷಾರು.

ಐಫೋನಿನವರು ಬಹಳ ವರ್ಷ ಗ್ಯಾರೇಜ್‌ಬ್ಯಾಂಡ್ ಎಂಬ ಸಂಗೀತ ಮಾಡುವ ಆ್ಯಪ್ ಹೊಕ್ಕು ಹೊರಬರಬೇಕಿತ್ತು. ಒಂದು ರಿಂಗ್‌ಟೋನಿಗೆ ಅಷ್ಟು ಸರ್ಕಸ್ಸು! 2025ರಲ್ಲಿ ಬಂದ ಐಫೋನ್ ಸಾಫ್ಟ್‌ವೇರ್ ಐಒಎಸ್ 26ರಲ್ಲಿ ‘ಫೈಲ್ಸ್’ ಆ್ಯಪ್‌ನಲ್ಲಿರುವ ಹಾಡಿನ ಮೇಲೆ ಬೆರಳಿಟ್ಟು ಹಿಡಿದು, ‘ಶೇರ್’ ಒತ್ತಿ, ‘ಯೂಸ್ ಆ್ಯಸ್ ರಿಂಗ್‌ಟೋನ್’ ಆರಿಸಿದರೆ ಸಾಕು. ತುಂಡು 30 ಸೆಕೆಂಡ್ ಮೀರಬಾರದು.

ಟೋನ್ ಬದಲಾಯಿತು, ಆದರೆ ಕೇಳಿಸುತ್ತಿಲ್ಲ ಅಂತೀರಾ? ಆಂಡ್ರಾಯ್ಡ್ 9ರಿಂದ ಈಚೆಗೆ ಪಕ್ಕದ ವಾಲ್ಯೂಮ್ ಬಟನ್ ಒತ್ತಿದರೆ ಏರುವುದು ಹಾಡು, ವಿಡಿಯೊದ ಸದ್ದು. ರಿಂಗಿನ ಸದ್ದನ್ನು ‘ಸೌಂಡ್’ ಒಳಗೆ ಹೋಗಿ ಏರಿಸಿ. ಮುಖ ನೋಡಿ ಲಾಕ್ ತೆಗೆಯುವ ‘ಫೇಸ್ ಐಡಿ’ ಇರುವ ಐಫೋನಿನದು ಇನ್ನೊಂದು ಕಥೆ. ನೀವು ಪರದೆ ನೋಡಿದೊಡನೆ ರಿಂಗ್ ತಾನಾಗೇ ತಗ್ಗುತ್ತದೆ. ಅದು ಕೆಟ್ಟಿಲ್ಲ. ತಗ್ಗುವುದು ಬೇಡವಾದರೆ ‘ಫೇಸ್ ಐಡಿ’ ಸೆಟ್ಟಿಂಗ್‌ನಲ್ಲಿ ‘ಅಟೆನ್ಷನ್ ಅವೇರ್ ಫೀಚರ್ಸ್’ ಆಫ್ ಮಾಡಿ.

ಕೆಲವರು ‘ಹಾಡು ಹಾಕಿಸಿದೆ, ನನಗೇ ಕೇಳಿಸಲ್ಲ’ ಎನ್ನುತ್ತಾರೆ. ಅವರು ಹಾಕಿಸಿರುವುದು ಕಾಲರ್ ಟ್ಯೂನ್, ಅಲ್ವಾ? ಅದು ಕೇಳಿಸುವುದು ನಿಮಗೆ ಕರೆ ಮಾಡಿದವರಿಗೆ. ಕೊಡುವುದು ಸಿಮ್ ಕಂಪನಿ, ಕೆಲವು ಸಲ ದುಡ್ಡೂ ಕಟ್ ಆಗುತ್ತದೆ. ಬೇಡವಾದರೆ ಅವರ ಆ್ಯಪ್‌ನಲ್ಲೇ ನಿಲ್ಲಿಸಬೇಕು.