ನಾಟಿ ಬೀಜದ ಕೈತೋಟ: ಬೀಜಕ್ಕೆ ಬಿಡುವ ಗಿಡದಿಂದಲೇ ಲೆಕ್ಕ ಶುರು

ಪೊಟ್ಟಣದ ಮೇಲೆ ‘ಸಾವಯವ’ ಅಂತ ಇದ್ದ ಮಾತ್ರಕ್ಕೆ ಅದು ನಾಟಿ ಬೀಜ ಆಗುವುದಿಲ್ಲ. ಸಾವಯವ ಅನ್ನುವುದು ಬೆಳೆದ ರೀತಿ, ನಾಟಿ ಅನ್ನುವುದು ತಳಿ. ಹೈಬ್ರಿಡ್ ಬೀಜವನ್ನೂ ಸಾವಯವವಾಗಿ ಬೆಳೆದು ಮಾರಬಹುದು. ‘ಎಫ್1’, ಅಂದರೆ ಹೈಬ್ರಿಡ್‌ನ ಮೊದಲ ಪೀಳಿಗೆ ಅಂತ ಕಂಡರೆ, ಬೀಜ ಉಳಿಸುವ ಆಸೆ ಇರುವವರು ಅಲ್ಲೇ ವಾಪಸ್ ಇಡಿ. ಮುಂದಿನ ವರ್ಷ ಅದರ ಬೀಜ ಹಾಕಿದರೆ ಒಂದೊಂದು ಗಿಡ ಒಂದೊಂದು ಥರ ಬರುತ್ತದೆ.

ನಮ್ಮ ಜಾಗ ಮೈಸೂರಿನಲ್ಲಿ ಮನೆಯ ಹಿಂದೆ, 10 ಅಡಿ ಅಗಲ, 20 ಅಡಿ ಉದ್ದ. 3 ಅಡಿ ಅಗಲದ ಎರಡು ಮಡಿ, ಮಧ್ಯೆ ಒಂದೂವರೆ ಅಡಿ ಓಡಾಡಲು, ಉಳಿದದ್ದು ಕಾಂಪೌಂಡ್ ಪಕ್ಕ ಚಪ್ಪರದ ಬಳ್ಳಿಗೆ. ಮನೆ ಕಟ್ಟಿದ ಜಾಗದ ಮಣ್ಣಿನಲ್ಲಿ ಜಲ್ಲಿ, ಗಾರೆ ಚೂರು ಇದ್ದೇ ಇರುತ್ತವೆ. ಒಂದಡಿ ಅಗೆದು ಅವನ್ನು ಆರಿಸಿ ತೆಗೆಯದೆ ಎಷ್ಟು ಗೊಬ್ಬರ ಸುರಿದರೂ ಎಲೆ ಹಳದಿಯೇ. 10 ಚದರ ಅಡಿಗೆ 4 ಕೆಜಿ ಕಳಿತ ಕೊಟ್ಟಿಗೆ ಗೊಬ್ಬರ, 100 ಗ್ರಾಂ ಬೇವಿನ ಹಿಂಡಿ ಹಾಕುತ್ತೇನೆ. ಅರೆಬರೆ ಕೊಳೆತ ಸಗಣಿ ಹಾಕಿದರೆ ಗೊಣ್ಣೆಹುಳು ಬಂದು ಬೇರು ತಿನ್ನುತ್ತದೆ.

ಬದನೆ, ಟೊಮ್ಯಾಟೊ, ಮೆಣಸಿನಕಾಯಿಗೆ ಭರಣಿ ಮಳೆ ಹೊತ್ತಿಗೆ (ಏಪ್ರಿಲ್ ಕೊನೆ, ಮೇ ಶುರು) ಒಟ್ಲು, ಅಂದರೆ ಸಸಿ ಮಡಿ ಬಿಡುತ್ತೇನೆ. ಸಾಲಿನಿಂದ ಸಾಲಿಗೆ 3 ಇಂಚು, ಆಳ ಕಾಲು ಇಂಚು, ಮೇಲೆ ತೆಳುವಾಗಿ ಹುಲ್ಲು. ಮೊಳಕೆ ತಲೆ ಎತ್ತಿದ ದಿನವೇ ಹುಲ್ಲು ತೆಗೆಯಬೇಕು. ಒತ್ತಾಗಿ ಚೆಲ್ಲಿ ಸಂಜೆ ನೀರು ಹಾಕಿದರೆ ರಾತ್ರಿಯೆಲ್ಲ ತೇವ ನಿಂತು, ಬುಡ ಕೊಳೆತು, ಸಸಿ ಮಗ್ಗುಲಾಗಿ ಬೀಳುತ್ತದೆ. ನೀರು ಬೆಳಿಗ್ಗೆಯೇ ಸರಿ. ಟೊಮ್ಯಾಟೊ 25 ದಿನಕ್ಕೆ, ಬದನೆ, ಮೆಣಸಿನಕಾಯಿ 35 ದಿನಕ್ಕೆ ಕಿತ್ತು ನೆಡಬಹುದು. ಬದನೆಗೆ ಎರಡಡಿ ಅಂತರ ಬೇಕು. ದಂಟು, ಕೀರೆ ಬೀಜವನ್ನು ಮರಳಿಗೆ ಬೆರೆಸಿ ನೇರ ಚೆಲ್ಲಿದರಾಯಿತು. ತಡಗುಣಿ (ಅಲಸಂದೆ) ಯಾವಾಗ ಹಾಕಿದರೂ ಬರುತ್ತದೆ, ಉಪ್ಸಾರಿಗೆ ಅದೊಂದಿದ್ದರೆ ಸಾಕು. ನಾಟಿ ಅವರೆಯದ್ದು ಬೇರೆ ಲೆಕ್ಕ. ಹಗಲು ಗಿಡ್ಡವಾಗದೆ ಅದು ಹೂ ಬಿಡುವುದಿಲ್ಲ. ಬೇಸಿಗೆಯಲ್ಲಿ ಹಾಕಿ, ಬರೀ ಬಳ್ಳಿ ಹಬ್ಬಿತು ಅಂತ ಬೀಜವನ್ನು ಬೈಯುವವರೇ ಹೆಚ್ಚು. ಜುಲೈ, ಆಗಸ್ಟ್‌ನಲ್ಲಿ ಹಾಕಿ.

ಇನ್ನು ಬೀಜದ ಮಾತು. ಇಷ್ಟು ಚಿಕ್ಕ ಜಾಗದಲ್ಲಿ ಮೈಸೂರಿನ ನಾಟಿ ತಳಿ ಈರನಗೆರೆ ಬದನೆ ಜೊತೆ ಇನ್ನೊಂದು ತಳಿಯ ಬದನೆ ನೆಟ್ಟರೆ ಜೇನು, ದುಂಬಿ ಎರಡನ್ನೂ ಬೆರೆಸುತ್ತವೆ. ಈ ವರ್ಷದ ಕಾಯಿಯಲ್ಲಿ ಅದು ಕಾಣುವುದಿಲ್ಲ, ಮುಂದಿನ ವರ್ಷ ಕಾಣುತ್ತದೆ. ಆರು ಗಿಡದಲ್ಲಿ ಚೆನ್ನಾಗಿರುವ ಎರಡನ್ನು ಆರಿಸಿ, ಹೂ ಬಿರಿಯುವ ಮೊದಲೇ ಮೊಗ್ಗಿಗೆ ತೆಳುಬಟ್ಟೆಯ ಚೀಲ ಕಟ್ಟುತ್ತೇನೆ. ಬೆಳಿಗ್ಗೆ ಕೊಂಬೆಯನ್ನು ಬೆರಳಲ್ಲಿ ಮೆಲ್ಲಗೆ ತಟ್ಟಿದರೆ ಒಳಗೇ ಪರಾಗ ಉದುರುತ್ತದೆ. ಕಾಯಿ ಕಚ್ಚಿದ ಮೇಲೆ ಚೀಲ ಬಿಚ್ಚಿ, ತೊಟ್ಟಿಗೆ ಕೆಂಪು ದಾರ ಕಟ್ಟುತ್ತೇನೆ. ದಾರ ಇಲ್ಲದಿದ್ದರೆ ಆ ಕಾಯಿ ಸಾಂಬಾರಿಗೆ ಹೋಗುವುದು ಖಂಡಿತ! ಕಾಯಿ ಹಳದಿಗೆ ತಿರುಗಿ ಮೆತ್ತಗಾಗುವ ತನಕ ಗಿಡದಲ್ಲೇ ಇರಲಿ.

ಹೀರೆ, ಸೋರೆ ಒಂದಕ್ಕೊಂದು ಬೆರೆಯುವುದಿಲ್ಲ, ಆ ಭಯ ಬೇಡ. ಎರಡು ಥರದ ಸೋರೆ ಮಾತ್ರ ಒಟ್ಟಿಗೆ ಬೇಡ. ಬೀಜಕ್ಕೆ ಬಿಡುವ ಮೊದಲು ಅದೇ ಬಳ್ಳಿಯ ಎಳೆಕಾಯಿಯ ಚೂರು ನಾಲಗೆಗೆ ಮುಟ್ಟಿಸಿ ನೋಡಿ. ಕಹಿ ಇದ್ದರೆ ಉಗುಳಿ, ಬಳ್ಳಿಯನ್ನೇ ಕಿತ್ತುಹಾಕಿ. ಕಹಿ ಸೋರೆ ತಿಂದರೆ ವಾಂತಿ, ಭೇದಿ ಆಗುತ್ತದೆ, ಅದರ ಬೀಜಕ್ಕೂ ಆ ಗುಣ ಹೋಗಬಹುದು.

ಟೊಮ್ಯಾಟೊ ಬೀಜವನ್ನು ರಸದ ಸಮೇತ ಲೋಟಕ್ಕೆ ಹಿಂಡಿ, ನೀರು ಸೇರಿಸದೆ ಎರಡು ದಿನ ಬಿಡಿ. ಚಳಿ ಇದ್ದರೆ ಮೂರು ದಿನ. ಮೇಲೆ ಬಿಳಿ ಪೊರೆ ಕಟ್ಟಿ ಹುಳಿ ವಾಸನೆ ಬಂತೆಂದರೆ ಬೀಜದ ಸುತ್ತಲಿನ ಲೋಳೆ ಕರಗಿದೆ ಅಂತ ಅರ್ಥ. ಇನ್ನೊಂದು ದಿನ ಮರೆತರೆ ಲೋಟದಲ್ಲೇ ಮೊಳಕೆ. ತೊಳೆದು ತಟ್ಟೆಯ ಮೇಲೆ ನೆರಳಲ್ಲಿ ಒಣಗಿಸಿ. ಕಾಗದದ ಮೇಲೆ ಹರಡಿದರೆ ಅಂಟಿಕೊಂಡು ಬಿಡುತ್ತವೆ.

ಅವರೆ, ತಡಗುಣಿ ಕಾಳಿಗೆ ಹುಳ ಹೊಲದಿಂದಲೇ ಬಂದಿರುತ್ತದೆ, ಮೊಟ್ಟೆ ಕಾಳಿನ ಜೊತೆಗೇ ಡಬ್ಬಿ ಸೇರುತ್ತದೆ. ಹಲ್ಲಿಗೆ ಕಚ್ಚಿದರೆ ಗುರುತು ಬೀಳದಷ್ಟು ಕಾಳು ಒಣಗಿದ ಮೇಲೆ, ಕೆಜಿಗೆ ಒಂದು ಚಮಚ ಹರಳೆಣ್ಣೆ ಸವರಿ ಇಡುತ್ತೇನೆ. ಕಾಳಿಗೆ ಕೆಮ್ಮಣ್ಣಿನ ಲೇಪ ಕಟ್ಟಿ ಒಣಗಿಸುವುದು ಹಳೇ ಪದ್ಧತಿ, ಅದೂ ಸರಿಯೇ. ಬಿತ್ತುವ ಹತ್ತು ದಿನ ಮೊದಲು 20 ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. 14ಕ್ಕಿಂತ ಕಡಿಮೆ ಮೊಳೆತರೆ ಬಿತ್ತುವಾಗ ಕುಣಿಗೆ ಒಂದರ ಬದಲು ಎರಡು ಕಾಳು ಹಾಕಿ.